ಪುಸ್ತಕ ಮೂಸುತ್ತಿದ್ದ ರತ್ನಕ್ಕ

ರತ್ನಕ್ಕ ಯಾವ ಪುಸ್ತಕವನ್ನೂ ಮೂಸಿ ನೋಡದೆ ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ನಾವು ಪುಸ್ತಕವನ್ನು ಮೇಜಿನ ಮೇಲಿಟ್ಟರೆ ಅವರು ಕನ್ನಡಕವನ್ನು ಹಣೆಗೆ ಏರಿಸಿ, ಪುಸ್ತಕವನ್ನು ನಡುವಿನಲ್ಲಿ ಬಿಡಿಸಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದರು. ಹಾಲು ಒಡೆದಿದೆಯೋ ಎಂದು ಪಾತ್ರೆ ಮೂಸುತ್ತಾರಲ್ಲ, ಹಾಗೆ. ಆಮೇಲೆ ಒಂದೋ 'ಹ್ಞೂಂ' ಎಂದು ಪುಸ್ತಕವನ್ನು ಕಪಾಟಿಗೆ ಸೇರಿಸುತ್ತಿದ್ದರು, ಇಲ್ಲವೇ ಕನ್ನಡಕವನ್ನು ಮೂಗಿಗೆ ಇಳಿಸಿ ನಮ್ಮನ್ನು ನೋಡುತ್ತಿದ್ದರು. ನನ್ನ ಮಟ್ಟಿಗೆ ಅವರು ಕನ್ನಡಕ ಇಳಿಸಿದ್ದೇ ಹೆಚ್ಚು.

ಹೆಮ್ಮಾಡಿಯಿಂದ ವಂಡ್ಸೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಹೆಸರು ಹೇಳುವುದಿಲ್ಲ. ಮೈಕ್ ಸೆಟ್ಟಿನ ಸದಾನಂದ ಎಂದರೆ ಯಾರೆಂದು ಕುಂದಾಪುರದ ತನಕ ಈಗಾಗಲೇ ಗೊತ್ತಿರುವುದೇ ಸಾಕು. ಮದುವೆ, ಉಪನಯನ, ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಗಲಾಟೆ ಬೇಕೋ ಅಲ್ಲಿಗೆ ಮೈಕ್ ಹಾಕುವುದು ನನ್ನ ಕಸುಬು. ಸಂಜೆ ಮೈಕ್ ಬಿಚ್ಚಿದ ಮೇಲೆ ಕುಡಿಯುವುದು ಆ ಕಸುಬಿನ ಒಂದು ಭಾಗ ಎಂದು ನಾನು ಬಹುಕಾಲ ನಂಬಿದ್ದೆ. ಮೈಕ್ ಹಾಕದ ದಿನವೂ ಕುಡಿಯುತ್ತಿದ್ದೆ ಎಂಬುದು ಆ ನಂಬಿಕೆಗೆ ಅಡ್ಡ ಬರಲಿಲ್ಲ.

ರತ್ನಕ್ಕ ಬಹಳ ವರ್ಷ ಮುಂಬೈಯಲ್ಲಿದ್ದು, ಗಂಡ ತೀರಿಕೊಂಡ ಮೇಲೆ ಊರಿಗೆ ಬಂದವರು. ಗಂಡ ಸಂಜೀವಣ್ಣ ಅಲ್ಲಿ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರು. ರಸ್ತೆ ಬದಿಯ ತಮ್ಮ ಮನೆಯ ಚಾವಡಿಯಲ್ಲಿ ರತ್ನಕ್ಕ ಒಂದು ಕಪಾಟು, ಮೇಜು, ಗೋಡೆಗೆ ತಾಗಿಸಿ ಎರಡು ಬೆಂಚು ಇಟ್ಟು ಊರಿಗೊಂದು ವಾಚನಾಲಯ ಮಾಡಿದರು. ಕಥೆ, ಪುರಾಣ, ಅಡುಗೆ, ಮಕ್ಕಳ ಪುಸ್ತಕ, ಎಲ್ಲವೂ ಇದ್ದವು. ಆದರೆ ಮುಂಬೈಯಿಂದ ಟ್ರಂಕಿನಲ್ಲಿ ಹೊತ್ತು ತಂದವೆಲ್ಲ ಒಂದೇ ಜಾತಿಯವು: ಕುಡಿತಕ್ಕೆ ಬಿದ್ದವರು, ಬಿಟ್ಟವರು, ಬಿಡಿಸಿದವರು ಬರೆದ ಪುಸ್ತಕಗಳು. ಅವು ಕಪಾಟಿನಲ್ಲಿ ಕಂಡ ದಿನವೇ ಊರು ತೀರ್ಮಾನ ಮಾಡಿಬಿಟ್ಟಿತು. ಪಾಪ, ಸಂಜೀವಣ್ಣ ಕುಡಿದೇ ಹೋದದ್ದು, ಈ ಹೆಂಗಸು ಏನೆಲ್ಲ ಅನುಭವಿಸಿತೋ. ರತ್ನಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ವಾಚನಾಲಯ ತೆರೆಯುತ್ತಿದ್ದದ್ದು ಸಂಜೆ ಐದಕ್ಕೆ, ಮುಚ್ಚುತ್ತಿದ್ದದ್ದು ಎಂಟಕ್ಕೆ. ಬೆಳಿಗ್ಗೆ ಯಾಕೆ ತೆರೆಯುವುದಿಲ್ಲ ಎಂದು ಕೇಳಿದವರಿಗೆ, "ಬೆಳಿಗ್ಗೆ ಯಾರಿಗೂ ಎಂತ ತೊಂದ್ರಿ ಇಲ್ಲೆ" ಎನ್ನುತ್ತಿದ್ದರು. ಇದರ ಅರ್ಥ ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು, ಏಕೆಂದರೆ ಆ ಹೊತ್ತಿನಲ್ಲಿ ನಾನು ಹೆದ್ದಾರಿ ಬದಿಯ ಬಾರಿನಲ್ಲಿ ಇರುತ್ತಿದ್ದೆ.

ನಾನು ಆ ಪುಸ್ತಕಗಳನ್ನು ಓದಲು ಶುರು ಮಾಡಿದ್ದು ನನ್ನ ಹೆಂಡತಿ ಶ್ಯಾಮಲಳನ್ನು ಸಮಾಧಾನ ಮಾಡಲಿಕ್ಕೆ. ಕೈಯಲ್ಲಿ ಅಂಥ ಪುಸ್ತಕ ಕಂಡರೆ ಗಂಡ ದಾರಿಗೆ ಬರುತ್ತಿದ್ದಾನೆ ಎಂದು ಅವಳು ಎರಡು ದಿನ ಸುಮ್ಮನಿರುತ್ತಿದ್ದಳು. ಓದುತ್ತಾ ಓದುತ್ತಾ ನನಗೇ ರುಚಿ ಹತ್ತಿತು. ಬಾರಿನ ಮೂಲೆ ಮೇಜಿನಲ್ಲಿ ಗ್ಲಾಸಿನ ಪಕ್ಕ ಪುಸ್ತಕ ಬಿಡಿಸಿಟ್ಟು ಓದುತ್ತಿದ್ದೆ. ಎಲ್ಲ ಪುಸ್ತಕಗಳಲ್ಲೂ ಮನುಷ್ಯ ಮೊದಲು ಗೆಳೆಯರ ಒತ್ತಾಯಕ್ಕೆ ಒಂದು ಗುಟುಕು ಕುಡಿಯುತ್ತಾನೆ, ನಡುವಿನಲ್ಲಿ ಚರಂಡಿಯಲ್ಲಿ ಮಲಗುತ್ತಾನೆ, ಕೊನೆಗೆ ಬೆಳಿಗ್ಗೆ ಬೇಗ ಎದ್ದು ಹಕ್ಕಿಯ ದನಿ ಕೇಳುತ್ತಾನೆ. ಚರಂಡಿಯ ಅಧ್ಯಾಯಗಳನ್ನು ನಾನು ಬಾಯಿ ಚಪ್ಪರಿಸಿ ಓದುತ್ತಿದ್ದೆ. ಅವನಷ್ಟು ಕೆಟ್ಟು ಹೋಗಿಲ್ಲ ನಾನು ಎಂಬ ನೆಮ್ಮದಿಗೆ ಇನ್ನೊಂದು ಪೆಗ್ ಹೇಳುತ್ತಿದ್ದೆ. ಹಕ್ಕಿ ಕೂಗುವ ಅಧ್ಯಾಯ ಬರುವ ಹೊತ್ತಿಗೆ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿರುತ್ತಿದ್ದವು. ಆದರೂ ಓದುತ್ತಿದ್ದೇನಲ್ಲ, ಹಾಗಾದರೆ ಬಿಡುವ ಕೆಲಸ ಅರ್ಧ ಮುಗಿದ ಹಾಗೆಯೇ ಎಂದು ನನ್ನ ಲೆಕ್ಕ. ಕುಡಿತ ಬಿಡುವ ಬಗ್ಗೆ ನನ್ನಷ್ಟು ಓದಿಕೊಂಡ ಕುಡುಕ ಬೈಂದೂರಿನಿಂದ ಬ್ರಹ್ಮಾವರದ ತನಕ ಇನ್ನೊಬ್ಬ ಇರಲಿಕ್ಕಿಲ್ಲ.

ಒಮ್ಮೆ ಹಾಗೆ ಓದಿದ ಪುಸ್ತಕವನ್ನು ವಾಪಸು ಕೊಟ್ಟೆ. ರತ್ನಕ್ಕ ಮೂಸಿದರು, ಕನ್ನಡಕ ಇಳಿಸಿದರು. ಆಮೇಲೆ 'ಮೊದಲ ದಿನ' ಎಂಬ ಅಧ್ಯಾಯದ ಪುಟಗಳ ನಡುವಿನಿಂದ ಕೆಂಪು ಸಿಪ್ಪೆಯೊಂದನ್ನು ಬೆರಳ ತುದಿಯಲ್ಲಿ ಎತ್ತಿದರು.

"ಸದಾನಂದ, ಇದ್ ಎಂತದ್?"

"ನೆಲಗಡ್ಲಿ ಸಿಪ್ಪಿ, ರತ್ನಕ್ಕ. ಮನ್ಯಂಗೆ ತಿಂತಾ ಓದ್ತಿದ್ದೆ."

"ನೀರುಳ್ಳಿ, ಖಾರದ ಪುಡಿ, ಲಿಂಬಿ ಹುಳಿ ಎಲ್ಲ ಹಾಕಿ ಶ್ಯಾಮಲ ನಿಂಗೆ ನೆಲಗಡ್ಲಿ ಮಾಡಿ ಕೊಡ್ತಾಳಾ? ಪುಣ್ಯವಂತ ಮರಾಯ ನೀನ್." ಅಷ್ಟು ಹೇಳಿ ಆ ಪುಟವನ್ನು ಸೆರಗಿನಿಂದ ಒರಸಿ, ಕಪಾಟಿನಲ್ಲಿಟ್ಟು, ನಾನು ಕೇಳಿದ ಇನ್ನೊಂದು ಪುಸ್ತಕವನ್ನು ಕೊಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಪುಸ್ತಕಗಳನ್ನು ಒಯ್ಯುವವರಿಗೆ ನಾಚಿಕೆಯಾಗಬಾರದು ಎಂದು ರತ್ನಕ್ಕ ಅವಕ್ಕೆಲ್ಲ ಹಳೆಯ ಕ್ಯಾಲೆಂಡರಿನ ಹಾಳೆಯಿಂದ, ಬಿಳಿ ಬದಿ ಹೊರಗೆ ಬರುವಂತೆ ಬೈಂಡ್ ಹಾಕಿದ್ದರು. ಮೇಲೆ ಹೆಸರಿಲ್ಲ, ಚಿತ್ರವಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಕಪಾಟಿನಲ್ಲಿ ಬೈಂಡ್ ಇದ್ದದ್ದು ಅವಕ್ಕೆ ಮಾತ್ರ. ಸ್ವಲ್ಪ ದಿನದಲ್ಲೇ ಬಿಳಿ ಬೈಂಡಿನ ಪುಸ್ತಕ ಎಂದರೆ ಏನು ಎಂದು ಊರಿಗೆಲ್ಲ ತಿಳಿಯಿತು. ಬಸ್ಸಿನಲ್ಲಿ ಒಬ್ಬನ ಕಂಕುಳಲ್ಲಿ ಬಿಳಿ ಪುಸ್ತಕ ಕಂಡರೆ ಪಕ್ಕದವರು, "ಹ್ವಾಯ್, ನೀವೂ ಶುರು ಮಾಡಿದ್ರ್ಯಾ? ಒಳ್ಳೇದಾಯ್ತ್" ಎಂದು ಎಲ್ಲರಿಗೂ ಕೇಳುವಂತೆ ಹಾರೈಸುತ್ತಿದ್ದರು. ಮೊದಲು ಬಾಟಲಿಯನ್ನು ಪುಸ್ತಕದ ಚೀಲದಲ್ಲಿ ಅಡಗಿಸುತ್ತಿದ್ದವರು ಈಗ ಪುಸ್ತಕವನ್ನು ಮೀನಿನ ಚೀಲದಲ್ಲಿ ಅಡಗಿಸಬೇಕಾಯಿತು.

ಇದು ಕಿವಿಗೆ ಬಿದ್ದದ್ದೇ ರತ್ನಕ್ಕ ಒಂದು ಭಾನುವಾರ ಕೂತು ಕಪಾಟಿನ ಅಷ್ಟೂ ಪುಸ್ತಕಗಳಿಗೆ ಅದೇ ಬಿಳಿ ಬೈಂಡ್ ಹಾಕಿದರು. ಪುರಾಣಕ್ಕೂ ಅದೇ, ಉಪ್ಪಿನಕಾಯಿಯ ಪುಸ್ತಕಕ್ಕೂ ಅದೇ. ಈಗ ಯಾರು ಏನು ಓದುತ್ತಾರೆಂದು ಯಾರಿಗೂ ತಿಳಿಯದು, ರತ್ನಕ್ಕನಿಗೂ ತಿಳಿಯದು. ಹಟ್ಟಿಯಂಗಡಿ ಕಡೆಯ ಭಟ್ಟರೊಬ್ಬರು ಪುರಾಣವೆಂದು ಒಯ್ದದ್ದು ಮಹಾ ಕುಡುಕನೊಬ್ಬನ ಆತ್ಮಕಥೆಯಾಗಿತ್ತು. ವಾರ ಬಿಟ್ಟು ಬಂದ ಭಟ್ಟರು ಪುಸ್ತಕವನ್ನು ಭಕ್ತಿಯಿಂದ ಮೇಜಿನ ಮೇಲಿಟ್ಟು, "ರತ್ನಕ್ಕ, ಇದ್ರ ಎರಡ್ನೇ ಭಾಗ ಇತ್ತಾ?" ಎಂದು ಕೇಳಿದರು. ರತ್ನಕ್ಕ ಆ ಪುಸ್ತಕವನ್ನು ಮೂಸಿ, "ಇದ್ ಒಂದ್ ಕರ್ಪೂರದ ವಾಸ್ನಿ ಬಪ್ದ್" ಎಂದರು.

ರತ್ನಕ್ಕ ಆ ಪುಸ್ತಕಗಳನ್ನೆಲ್ಲ ತಾವೂ ಓದಿದ್ದರು, ಹೊಗಳುತ್ತಿರಲಿಲ್ಲ. "ಬರ್ದವ್ರಿಗೆ ಬಿದ್ದದ್ದ್ ಹೇಳುಕ್ ಇಪ್ಪಷ್ಟ್ ಖುಷಿ ಎದ್ದದ್ದ್ ಹೇಳುಕ್ ಇಲ್ಲೆ" ಎನ್ನುತ್ತಿದ್ದರು. ಇನ್ನೊಂದು ದೂರೂ ಇತ್ತು. "ಎಲ್ಲದ್ರಂಗೂ ಕುಡುದ್ ಗಂಡಸ್ರೇ. ಹೆಂಗ್ಸ್ರ್ ಬಾಗಿಲ್ ಸಂದಿಯಂಗೆ ನಿಂತ್ ಮರ್ಕುಕ್ ಮಾತ್ರ." ಅಳುವುದು ಅವರಿಗೆ ಇಷ್ಟವಿಲ್ಲದ ಕೆಲಸ ಎಂದು ನಾನು ಅರ್ಥ ಮಾಡಿಕೊಂಡೆ. ಅರ್ಥ ಮಾಡಿಕೊಳ್ಳುವುದರಲ್ಲಿ ನಾನು ಯಾವಾಗಲೂ ಚುರುಕು.

ಈಗ ನನ್ನ ಭಾಷಣದ ಕಥೆ. ಬೈಂದೂರು ಕಡೆ ಒಂದು ಮದ್ಯವರ್ಜನ ಶಿಬಿರಕ್ಕೆ ಮೈಕ್ ಹಾಕಿದ್ದೆ. ಮುಖ್ಯ ಭಾಷಣಕಾರರ ಕಾರು ದಾರಿಯಲ್ಲಿ ಕೆಟ್ಟು ನಿಂತಿತು. ಸಭೆ ತುಂಬಿ ಕೂತಿತ್ತು. ನಾನು ಮೈಕ್ ಪರೀಕ್ಷೆ ಮಾಡುತ್ತಾ ಪುಸ್ತಕದ ನಾಲ್ಕು ಸಾಲು ಹೇಳಿದ್ದನ್ನು ಕೇಳಿ ಸಂಘಟಕರು, ಅವರು ಬರುವ ತನಕ ನೀವೇ ಮಾತಾಡಿ ಎಂದರು. ಬಿಟ್ಟೇನೆಯೇ. ಓದಿದ್ದೆಲ್ಲ ಉಕ್ಕಿ ಬಂತು. ಚರಂಡಿ ಬಂತು, ಹಕ್ಕಿ ಬಂತು. ಮುಂದಿನ ಸಾಲಿನ ಹೆಂಗಸರು ಕಣ್ಣೊರಸಿಕೊಂಡರು, ನಾನೂ ಒರಸಿಕೊಂಡೆ. ಆಗ ಹಿಂದಿನ ಸಾಲಿನಲ್ಲಿ ರತ್ನಕ್ಕ ಕಂಡರು. ಅವರ ತಂಗಿಯ ಮಗನ ಮನೆ ಅಲ್ಲೇ ಹತ್ತಿರ, ಅಲ್ಲಿಂದ ಬಂದಿದ್ದರು. ಅವರನ್ನು ಕಂಡದ್ದೇ ನನಗೆ ಇನ್ನಷ್ಟು ಸ್ಫೂರ್ತಿ ಬಂದು, "ನಮ್ಮ ನಡುವೆ ಒಬ್ಬ ತಾಯಿ ಇದ್ದಾರೆ. ಗಂಡ ಸಂಜೀವಣ್ಣ ಕುಡಿದು ಹಾಳಾಗಿ ಹೋದರೂ, ಊರಿನ ಬೇರೆ ಗಂಡಸರು ಹಾಳಾಗಬಾರದೆಂದು ಪುಸ್ತಕ ಕೊಡುತ್ತಿದ್ದಾರೆ" ಎಂದು ಕೈ ತೋರಿಸಿದೆ. ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ರತ್ನಕ್ಕ ತಲೆ ತಗ್ಗಿಸಿ ಕೂತಿದ್ದರು. ಎಷ್ಟು ವಿನಯ ಎಂದುಕೊಂಡೆ.

ಭಾಷಣ ಗೆದ್ದ ಸಂತೋಷಕ್ಕೆ ಬರುವ ದಾರಿಯಲ್ಲಿ ಬಾರಿಗೆ ಹೋದೆ. ಮರುದಿನ ರತ್ನಕ್ಕ ಹೇಳಿದ್ದು ಇಷ್ಟೇ: "ನಿನ್ ಭಾಷಣ ಕೇಂಡೆ. ಲಾಯ್ಕಿತ್ತ್. ನಾನ್ ಕುಡಿತಿದ್ರೆ ಅಲ್ಲೇ ಬಿಡ್ತಿದ್ದೆ."

ಆ ಮಾತನ್ನು ನಾನು ಪ್ರಶಸ್ತಿಯಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಇದಾಗಿ ಕೆಲವು ದಿನಕ್ಕೆ ಬ್ರಹ್ಮಾವರದಲ್ಲಿ ಶ್ಯಾಮಲಳ ಚಿಕ್ಕಪ್ಪನ ಮಗಳ ಮದುವೆ. ಮೈಕ್ ನನ್ನದೇ. ಊಟದ ಹೊತ್ತಿಗೆ ಪಂಕ್ತಿಗೆ ಹಾಡು ಹಾಕಿ, ಕಲ್ಯಾಣ ಮಂಟಪದ ಹಿಂಬದಿಗೆ ಹೋಗಿ, ಕಿಸೆಯಲ್ಲಿದ್ದದ್ದನ್ನು ಮುಗಿಸಿ, ಜನರೇಟರಿನವನ ಜೊತೆ ಮಾತಿಗೆ ಕೂತೆ. ಕೈಯಲ್ಲಿ ಕಾರ್ಡ್‌ಲೆಸ್ ಮೈಕ್ ಇತ್ತು, ಅದು ಆನ್ ಇತ್ತು. ಪಾಯಸ ನೀರಾಗಿರುವುದು, ಹುಡುಗಿಯ ಅಪ್ಪನ ಜಿಪುಣತನ, ನನ್ನ ಅತ್ತೆಯ ಗೊರಕೆ, ಎಲ್ಲವೂ ಹಾಡಿನ ಮೇಲಿಂದ ಪಂಕ್ತಿಗೆ ಬಡಿಸಲ್ಪಟ್ಟವು. ನನ್ನ ಸೆಟ್ಟಿನ ಧ್ವನಿ ಯಾವಾಗಲೂ ಸ್ಪಷ್ಟ, ಅದನ್ನು ಯಾರೂ ದೂರಿದ್ದಿಲ್ಲ.

ಶ್ಯಾಮಲ ಅಳಲಿಲ್ಲ, ಕೂಗಾಡಲಿಲ್ಲ. ನಾನು ವಯರು ಸುತ್ತುತ್ತಿದ್ದಲ್ಲಿಗೆ ಬಂದು, "ನಾನ್ ಇಲ್ಲೇ ಅಮ್ಮನ ಮನ್ಯಂಗೇ ಇರ್ತೆ. ನಿಮ್ ಪುಸ್ತಕ ಎಲ್ಲ ಓದಿ ಆಯ್ಲಿ, ಆಮೇಲ್ ಬತ್ತೆ" ಎಂದು ಹೇಳಿ ಹೋದಳು. ತಮಾಷೆ ಎಂದುಕೊಂಡೆ. ವಾರ ಕಳೆದರೂ ಬರಲಿಲ್ಲ, ಫೋನು ಎತ್ತಲಿಲ್ಲ. ಖಾಲಿ ಮನೆಯಲ್ಲಿ ಕುಡಿಯಲು ಯಾರ ಅಡ್ಡಿಯೂ ಇರಲಿಲ್ಲ, ಆದರೆ ಅನ್ನ ಇಳಿಯುತ್ತಿರಲಿಲ್ಲ. ಅವಳು ಬರುವುದೇ ಇಲ್ಲ ಎಂದು ಒಂದು ಮಧ್ಯಾಹ್ನ ನನಗೆ ಖಚಿತವಾಗಿ ಅನಿಸಿತು. ನನಗೆ ಹೆದರಿಕೆಯಾಯಿತು.

ಹೆದರಿದವನು ಏನು ಮಾಡಿದೆ? ರತ್ನಕ್ಕನಲ್ಲಿಗೆ ಹೋಗಿ ಇನ್ನಷ್ಟು ಪುಸ್ತಕ ಕೇಳಿದೆ.

"ಇಲ್ಲೆ," ಎಂದರು ರತ್ನಕ್ಕ. "ಇನ್ನ್ ನಿಂಗೆ ಮನಿಗೆ ಕೊಡುದಿಲ್ಲೆ. ಖಾಲಿಪೀಲಿ ಸುಮ್ನೆ ಓದಿ ಎಂತ ಆತ್ತ್? ಐದ್ ಗಂಟಿಗೆ ಬಾ, ಆ ಬೆಂಚಂಗೆ ಕೂಕೋ, ಎಂಟಕ್ಕೆ ಏಳ್."

"ಕೂಕಂಡ್ ಎಂತ ಓದ್ಕ್?"

"ಎಂತಾರೂ ಓದ್. ಪುಸ್ತಕ ಎಂತದ್ದೂ ಬಿಡ್ಸುದಿಲ್ಲೆ ಮರಾಯ. ಅದ್ ನಿನ್ನ ಹಿಡ್ಕಂಡ್ ಕೂಕಂತ್ತ್, ಅಷ್ಟೇ. ಆ ಹೊತ್ತ್ ಒಂದ್ ದಾಟ್ಕ್."

ಹೋಗಿ ಕೂತೆ. ಆರು ಗಂಟೆಯಿಂದ ಏಳರ ತನಕ ಕಾಲು ತಾನಾಗಿ ರಸ್ತೆಯ ಕಡೆ ತಿರುಗುತ್ತಿತ್ತು. ಬಾರಿನಲ್ಲಿ ಅಷ್ಟು ರುಚಿಯಾಗಿದ್ದ ಚರಂಡಿಯ ಅಧ್ಯಾಯ ಇಲ್ಲಿ ಬಂದರೆ ಪುಟ ಹಾರಿಸಿ ಮುಂದೆ ಹೋಗುತ್ತಿದ್ದೆ. ರತ್ನಕ್ಕ ಬೆಲ್ಲದ ಚಾ ಕೊಡುತ್ತಿದ್ದರು, ಮತ್ತೆ ತಮ್ಮ ಪಾಡಿಗೆ ಬೈಂಡ್ ಹಾಕುತ್ತಿದ್ದರು. ಒಂದು ದಿನ ತಪ್ಪಿಸಿ ಬಾರಿಗೆ ಹೋದೆ. ಮರುದಿನ ತಪ್ಪಿತಸ್ಥನಂತೆ ಬಾಗಿಲಲ್ಲಿ ನಿಂತು, ಪುಸ್ತಕದಲ್ಲಿ ಓದಿದ್ದ ಪಶ್ಚಾತ್ತಾಪದ ಸಾಲುಗಳನ್ನು ಶುರು ಮಾಡಿದೆ. ಅವರು ತಲೆ ಎತ್ತದೆ, "ನಿನ್ನೆ ಬರ್ಲಿಲ್ಲೆ, ಇವತ್ತ್ ಬಂದೆ. ಸಾಕ್, ಕೂಕೋ" ಎಂದರು. ಆ ಮಾತಿಗೆ ಅಳು ಬಂತು, ಭಾಷಣದಲ್ಲಿ ಬಂದಂಥದ್ದಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಬಾಗಿಲಲ್ಲಿ ಕೊಡೆ ಮಡಚುವ ಸದ್ದಾಯಿತು. ಶ್ಯಾಮಲ. ಗಂಡ ದಿನಾ ವಾಚನಾಲಯದಲ್ಲಿ ಇರುತ್ತಾನಂತೆ ಎಂದು ಯಾರೋ ಹೇಳಿದ್ದನ್ನು ನಂಬದೆ, ಕೈಯಾರೆ ಹಿಡಿಯಲು ಬ್ರಹ್ಮಾವರದಿಂದ ಬಸ್ಸಿನಲ್ಲಿ ಬಂದಿದ್ದಳು.

"ಬಾ ಶ್ಯಾಮಲ," ಎಂದರು ರತ್ನಕ್ಕ. "ನಿನ್ ಗಂಡ ಆ ಮೂಲಿಯಂಗ್ ಇದ್ದ. ಪುಸ್ತಕ ತಲೆಕೆಳಗಾಯಿತ್ತ್, ಮನ್ಷ ಸರಿಯಾಗೇ ಇದ್ದ."

ಶ್ಯಾಮಲ ನನ್ನ ಪಕ್ಕದಲ್ಲಿ ಕೂತು, "ಎಷ್ಟ್ ಪುಸ್ತಕ ಓದಿ ಆಯ್ತ್?" ಎಂದು ಕೇಳಿದಳು.

"ಒಂದೂ ಮುಗೀಲಿಲ್ಲೆ," ಎಂದೆ. ಮದುವೆಯಾದ ಮೇಲೆ ನಾನು ಅವಳಿಗೆ ಹೇಳಿದ ಮೊದಲ ಪೂರ್ತಿ ಸತ್ಯ ಅದೇ ಇರಬೇಕು. ಅವಳು ನಕ್ಕಳು. ಎಂಟು ಗಂಟೆಗೆ ಇಬ್ಬರೂ ಒಂದೇ ಕೊಡೆಯಲ್ಲಿ ಮನೆಗೆ ಹೋದೆವು.

ಮರುವರ್ಷ ರತ್ನಕ್ಕನ ಮೊಣಕಾಲು ಪೂರಾ ಸೋತಿತು. ಬೈಂದೂರಿನ ತಂಗಿಯ ಮಗ ತನ್ನ ಮನೆಗೆ ಕರೆದ. ನನ್ನ ಸಾಮಾನಿನ ಗಾಡಿಯಲ್ಲೇ ಹೊರಟೆವು, ಹಿಂದೆ ಅವರ ಟ್ರಂಕು ಮತ್ತು ನನ್ನ ಸ್ಪೀಕರುಗಳು, ಮುಂದೆ ನನ್ನ ಪಕ್ಕ ಅವರು. ಪುಸ್ತಕಗಳನ್ನೂ ಚಾವಡಿಯ ಬೀಗದ ಕೈಯನ್ನೂ ನನಗೇ ಬಿಟ್ಟಿದ್ದರು. ಮರವಂತೆಯಲ್ಲಿ ಸಮುದ್ರ ಕಂಡಾಗ ಕನ್ನಡಕವನ್ನು ಹಣೆಗೆ ಏರಿಸಿ ಅತ್ತ ನೋಡಿದರು. ಆಮೇಲೆ ಹೇಳಿದರು:

"ಬೈಂದೂರಂಗೆ ನೀನ್ ಮಾಡಿದ್ ಭಾಷಣ ನೆನಪಿತ್ತಾ?"

"ಅದನ್ನ ಬಿಡಿ ರತ್ನಕ್ಕ, ನಾಚ್ಕಿ ಆತ್ತ್."

"ನಾಚ್ಕಿ ಆಪ್ದ್ ನಂಗೆ. ಅವ್ರ್ ಚಾ ಬಿಟ್ರೆ ಬೇರೆ ಎಂತದ್ದೂ ಕುಡ್ದವ್ರಲ್ಲ. ಕುಡಿತಿದ್ದದ್ದ್ ನಾನ್."

ನಾನು ಬ್ರೇಕ್ ಹಾಕಿಬಿಟ್ಟೆ. ಹಿಂದಿನ ಲಾರಿಯವನು ಹಾರ್ನ್ ಬಾರಿಸಿ, ಬೈದು ಮುಂದೆ ಹೋದ.

ಮುಂಬೈಯಲ್ಲಿ ಗಂಡ ಡಬಲ್ ಡ್ಯೂಟಿ, ಒಂದೇ ಕೋಣೆಯ ಖೋಲಿಯಲ್ಲಿ ಇವರು ಒಬ್ಬರೇ. ಹಲ್ಲು ನೋವಿಗೆಂದು ಪಕ್ಕದ ಖೋಲಿಯವಳು ಬಾಟಲಿಯ ಮುಚ್ಚಳದಲ್ಲಿ ಕೊಟ್ಟದ್ದು, ಹಲ್ಲು ಕಿತ್ತ ಮೇಲೂ ಮುಂದುವರಿಯಿತು. ಸಂಜೀವಣ್ಣನಿಗೆ ತಿಳಿದಾಗ ಅವರು ಹೊಡೆಯಲಿಲ್ಲ, ಊರಿಗೆ ಕಳಿಸಲಿಲ್ಲ. ಸಂಜೆಯ ಕೆಲಸ ಬಿಟ್ಟು ಆ ಹೊತ್ತಿಗೆ ಮನೆಗೆ ಬಂದು, ಎಲ್ಲಿಂದಲೋ ತಂದ ಪುಸ್ತಕವೊಂದನ್ನು ಹೆಂಡತಿಯ ಎದುರು ಕೂತು ಓದತೊಡಗಿದರು.

"ಅವ್ರಿಗೆ ಓದುಕ್ ಸರಿ ಬತ್ತಿರ್ಲಿಲ್ಲೆ. ಒಂದೊಂದೇ ಅಕ್ಷರ ಕೂಡ್ಸಿ ಓದುದ್. ಕೇಂಡ್ ಕೇಂಡ್ ನಂಗೆ ಸಿಟ್ಟ್ ಬಂದ್ ಕಸ್ಕಂಡ್ ನಾನೇ ಓದ್ದೆ. ಹಂಗೇ ಹೊತ್ತ್ ದಾಟ್ತ್." ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಾ ಅವರು ಮುಂದುವರಿಸಿದರು. "ನಾನ್ ಪುಸ್ತಕ ಮೂಸುದ್ ನಿಮ್ಮನ್ನ್ ಹಿಡುಕ್ ಅಂದೇಳಿ ಮಾಡಿದ್ಯಾ? ಆ ವಾಸ್ನಿಗೆ ಈಗಳೂ ಬಾಯಂಗೆ ನೀರ್ ಬತ್ತ್. ಇವತ್ತೂ ಬ್ಯಾಡ ಅಂದ್ ನಂಗೇ ನಾನ್ ಹೇಳ್ಕಂಬುಕ್ ಮೂಸುದ್."

"ಊರವ್ರ್ ಸಂಜೀವಣ್ಣನ್ನ ಹೇಳ್ವತ್ತಿಗೆ ನೀವ್ ಎಂತಕೆ ಸುಮ್ನಿದ್ರಿ?"

"ಹೆಂಗ್ಸ್ ಕುಡಿತಿದ್ಲ್ ಅಂದ್ರೆ ನನ್ ಚಾವಡಿಗೆ ಯಾರ್ ಬತ್ತಿದ್ರ್? ಹೆದ್ರಿಕಿ ಆಯ್ತ್ ಸದಾನಂದ. ನನ್ನ ಎತ್ತಿದ್ ಮನ್ಷನ ಹೆಸ್ರಿಗೇ ಹೊಲಸ್ ಮೆತ್ತುಕ್ ಬಿಟ್ಟೆ." ಇಳಿಯುವ ಮೊದಲು ನನ್ನ ಮೊಣಕೈ ಹಿಡಿದು ಹೇಳಿದರು: "ನಾನ್ ಹೋದ್ಮೇಲೆ ಹೇಳ್. ಮೈಕಂಗೇ ಹೇಳ್. ನಿನ್ ಮೈಕಂಗೇ ಅಲ್ದಾ ಅವ್ರ ಹೆಸ್ರ್ ಹಾಳಾದ್ದ್."

ಅದೇ ಕೊನೆಯ ಭೇಟಿ. ಆ ಮಳೆಗಾಲ ಅವರು ದಾಟಲಿಲ್ಲ.

ಊರಿನ ಶಾಲೆಯಲ್ಲಿ ಸಂತಾಪ ಸಭೆ. ಮೈಕ್ ನನ್ನದು. ಮಾತಾಡಿದವರೆಲ್ಲ ಕುಡುಕ ಗಂಡನನ್ನು ಸಹಿಸಿದ ತಾಯಿ ಎಂದರು. ನನ್ನ ಸರದಿ ಬಂದಾಗ ಅಭ್ಯಾಸ ಬಲದಿಂದ 'ಹಲೋ, ಹಲೋ' ಎಂದೆ. ಈ ಸಲ ಚರಂಡಿಯೂ ಬರಲಿಲ್ಲ, ಹಕ್ಕಿಯೂ ಬರಲಿಲ್ಲ. ಹೆಂಗಸರ ಸಾಲಿನಲ್ಲಿ ಶ್ಯಾಮಲ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಹೇಳಿದೆ: "ಸಂಜೀವಣ್ಣ ಒಂದು ದಿನವೂ ಕುಡಿದವರಲ್ಲ. ಕುಡಿಯುತ್ತಿದ್ದದ್ದು ರತ್ನಕ್ಕ. ಬಿಟ್ಟದ್ದೂ ಅವರೇ. ಬಿಡುವಾಗ ಎದುರು ಕೂತದ್ದು ಸಂಜೀವಣ್ಣ. ಹೀಗೆ ಹೇಳಲು ಅವರೇ ಹೇಳಿದ್ದಾರೆ." ಸಭೆಯಲ್ಲಿ ಗುಜುಗುಜು ಎದ್ದಿತು. ಹಿರಿಯರೊಬ್ಬರು, "ಸತ್ತವ್ರ ಮೇಲೆ ಇದೆಂತ ಮಾತ್?" ಎಂದು ಎದ್ದು ಹೋದರು. ಮೈಕ್ ಬಂದ್ ಮಾಡಿಸಬಹುದಿತ್ತು, ಮೈಕಿನವನು ನಾನೇ ಆದ್ದರಿಂದ ಸಾಧ್ಯವಾಗಲಿಲ್ಲ. ಸಂಜೆಯೊಳಗೆ ಊರಿನಲ್ಲಿ ಸುದ್ದಿ ಹರಡಿತು, ಸದಾನಂದ ಮತ್ತೆ ಕುಡಿಯಲು ಶುರು ಮಾಡಿದ್ದಾನೆ ಎಂದು.

ಕೆಲವು ದಿನ ಚಾವಡಿಗೆ ಯಾರೂ ಬರಲಿಲ್ಲ. ನಾನೂ ಶ್ಯಾಮಲಳೂ ಐದಕ್ಕೆ ಬಾಗಿಲು ತೆಗೆದು ಎಂಟಕ್ಕೆ ಮುಚ್ಚುತ್ತಿದ್ದೆವು. ಒಂದು ಸಂಜೆ, ಕಂಡು ಪರಿಚಯವಿಲ್ಲದ ಹೆಂಗಸೊಬ್ಬರು ಮೆಟ್ಟಿಲ ತನಕ ಬಂದು, ತಿರುಗಿ ಹೋಗಿ, ಮತ್ತೆ ಬಂದು, ಅಡುಗೆಯ ಪುಸ್ತಕ ಇದೆಯಾ ಎಂದು ಕೇಳಿದರು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಗಾಳಿಯಲ್ಲಿ ಬಂದ ವಾಸನೆ ನನಗೆ ಗೊತ್ತಿರುವಂಥದ್ದು. ನನ್ನ ಬಾಯಲ್ಲೂ ನೀರು ಬಂತು. ಇವತ್ತೂ ಬೇಡ ಎಂದುಕೊಂಡೆ.

"ಇತ್ತ್. ಮನಿಗೆ ಕೊಡುದಿಲ್ಲೆ, ಇಲ್ಲೇ ಕೂಕಣಿ," ಎಂದು, ಕಪಾಟಿನಿಂದ ಬಹಳ ಆರಿಸಿ, ರತ್ನಕ್ಕನೇ ಮೆಚ್ಚುವಂತೆ, ಕುಡಿತ ಬಿಟ್ಟವರು ಬರೆದದ್ದೇ ಎಂದು ನಂಬಿ ಪುಸ್ತಕವೊಂದನ್ನು ಅವರ ಕೈಗೆ ಕೊಟ್ಟೆ. ಶ್ಯಾಮಲ ಬೆಂಚಿನಲ್ಲಿ ಜಾಗ ಬಿಟ್ಟು ಚಾ ಕೊಟ್ಟಳು. ಅವರು ತಲೆ ಎತ್ತದೆ ಎಂಟು ಗಂಟೆಯ ತನಕ ಓದಿದರು. ಅವರು ಹೋದ ಮೇಲೆ ತೆರೆದು ನೋಡಿದರೆ ಅದು ಉಪ್ಪಿನಕಾಯಿಯ ಪುಸ್ತಕ.

ಮರುದಿನ ಐದಕ್ಕೆ ನಾನು ಬೀಗ ತೆಗೆಯಲು ಹೋದಾಗ ಅವರು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು.